ಕುಣಿದದ್ದನ್ನು ಬರೆಯೋದು ಹೇಗೆ?

ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರಿಗೆ ಉತ್ತರಿಸುವಾಗ ಒಂದು ಸಾಲು ಬರೆದಿದ್ದೆ. ಲಂಡನ್ನಿನಲ್ಲಿ ಮಗಳ ಮನೆಯಲ್ಲಿದ್ದ ಆರು ವರ್ಷ, ಬ್ಯಾಲೆ ನೋಡೋದನ್ನು ನಾನು ಅಲ್ಲಿನ ಪತ್ರಿಕೆಗಳ ವಿಮರ್ಶೆ ಓದಿಯೇ ಕಲಿತೆ ಅಂತ. ಆ ಒಂದು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ನಾನು ನೃತ್ಯ ಕಲಿತವಳಲ್ಲ. ಬೆಂಗಳೂರಿನ ಒಂದು ಕನ್ನಡ ದಿನಪತ್ರಿಕೆಯ ಪುರವಣಿ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷ ಕೂತು, ಬೇರೆಯವರು ಬರೆದ ನೃತ್ಯ ವಿಮರ್ಶೆಗಳನ್ನು ತಿದ್ದಿ ಪುಟಕ್ಕೆ ಕಳಿಸಿದವಳು.

ಮೇಡಂ, ಲಂಡನ್ ಪತ್ರಿಕೆಗಳ ಬ್ಯಾಲೆ ವಿಮರ್ಶೆಗಳನ್ನು ನೆಟ್‌ನಲ್ಲಿ ಓದುತ್ತೇನೆ. ಕಥೆ ಏನು ಅಂತ ಸರಿಯಾಗಿ ಹೇಳೋದೇ ಇಲ್ಲ. ಯಾರು ಹೇಗೆ ಕುಣಿದರು ಅನ್ನೋದೇ ಜಾಸ್ತಿ. ಮೇಲೆ ಮೂರು ಸ್ಟಾರ್, ನಾಲ್ಕು ಸ್ಟಾರ್. ನಮ್ಮಂಥ ಹೊಸಬರು ಇದನ್ನು ಓದೋದು ಹೇಗೆ?
— ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಕರಾವಳಿಯಲ್ಲಿ ರಾತ್ರಿ ಯಕ್ಷಗಾನದ ಆಟ ಆದ ಮೇಲೆ ಬೆಳಿಗ್ಗೆ ಹೋಟೆಲಿನಲ್ಲಿ ಚಹಾ ಕುಡಿಯುವವರ ಮಾತು ಕೇಳಿದ್ದೀರಾ? ಕರ್ಣನಿಗೆ ಕೊನೆಗೆ ಏನಾಯಿತು ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ಅದು ಎಲ್ಲರಿಗೂ ಗೊತ್ತು. ನಿನ್ನೆಯ ಕರ್ಣ ಯಾರದ್ದು, ರಥದಿಂದ ಇಳಿಯುವಾಗ ಏನು ಮಾಡಿದರು, ಹೋದ ವರ್ಷ ಇನ್ನೊಬ್ಬರು ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ, ಅದೇ ಮಾತು. ಹಳೆಯ ಬ್ಯಾಲೆಗಳ ವಿಮರ್ಶೆಯೂ ಹೆಚ್ಚುಕಮ್ಮಿ ಅದೇ ಹೋಟೆಲ್ ಮಾತು.

‘ಜಿಸೆಲ್’ ಬ್ಯಾಲೆಯನ್ನೇ ತಗೊಳ್ಳಿ. 1841ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ. ಹಳ್ಳಿ ಹುಡುಗಿಯೊಬ್ಬಳನ್ನು ದೊಡ್ಡ ಮನೆತನದವನೊಬ್ಬ ವೇಷ ಮರೆಸಿಕೊಂಡು ಬಂದು ಪ್ರೀತಿಸುತ್ತಾನೆ. ಮೋಸ ಗೊತ್ತಾದಾಗ ಅವಳಿಗೆ ಬುದ್ಧಿ ಕದಡಿ ಸಾಯುತ್ತಾಳೆ. ಎರಡನೇ ಅಂಕದಲ್ಲಿ, ಮದುವೆಗೆ ಮುಂಚೆಯೇ ಸತ್ತ ಹುಡುಗಿಯರ ಆತ್ಮಗಳು ಕಾಡಿನಲ್ಲಿ ಗಂಡಸರನ್ನು ಕುಣಿಸಿ ಕುಣಿಸಿ ಕೊಲ್ಲುತ್ತವೆ. ಜಿಸೆಲ್ ಮಾತ್ರ ತನಗೆ ಮೋಸ ಮಾಡಿದವನನ್ನೇ ಬೆಳಗಾಗುವವರೆಗೆ ಕಾಪಾಡುತ್ತಾಳೆ. ಇಷ್ಟೇ ಕಥೆ. ಒಂದೇ ಸೀಸನ್ನಿನಲ್ಲಿ ಇದೇ ಜಿಸೆಲ್ ಪಾತ್ರವನ್ನು ನಾಲ್ಕೈದು ಜನ ಸರದಿಯಲ್ಲಿ ಮಾಡುತ್ತಾರೆ. ವಿಮರ್ಶಕರಿಗೆ ಸಿಗೋದು ಮುನ್ನೂರು, ನಾನ್ನೂರು ಪದ. ಅದರಲ್ಲಿ ಕಥೆಗೆ ಎರಡು ಸಾಲು ಕೊಟ್ಟರೆ ಜಾಸ್ತಿ.

ಹಾಗಾಗಿ ನನ್ನ ಸಲಹೆ ಇಷ್ಟು. ಮೊದಲ ಸಲ ಓದುವಾಗ ಸ್ಟಾರ್‌ಗಳ ಮೇಲೆ ಬೆರಳಿಟ್ಟು ಮುಚ್ಚಿಕೊಳ್ಳಿ. ‘ಅದ್ಭುತ’, ‘ನೀರಸ’ ಥರದ ಮಾತುಗಳನ್ನು ದಾಟಿಬಿಡಿ. ಕ್ರಿಯಾಪದ ಹುಡುಕಿ. ಕಾಲು ಏನು ಮಾಡಿತು, ಕುತ್ತಿಗೆ ಎತ್ತ ತಿರುಗಿತು, ಎಲ್ಲಿ ತಡೆದು ನಿಂತಳು? ಅಂಥ ನಾಲ್ಕು ಸಾಲು ಸಿಕ್ಕರೆ ಅದು ಒಳ್ಳೆಯ ವಿಮರ್ಶೆ. ಆ ನಾಲ್ಕು ಸಾಲು ಹಿಡಿದುಕೊಂಡು ವಿಡಿಯೊ ನೋಡಿ.

ನಾನು ಹಾಗೇ ಕಲಿತೆ. ಕಾವೆಂಟ್ ಗಾರ್ಡನ್‌ನ ರಾಯಲ್ ಆಪೆರಾ ಹೌಸ್‌ನಲ್ಲಿ ನಿಂತು ನೋಡುವ ಅಗ್ಗದ ಜಾಗಗಳಿವೆ. ಮುಂದೆ ಒರಗಿಕೊಳ್ಳಲು ಒಂದು ಕಂಬಿ, ಅಷ್ಟೆ. ಆತ್ಮಗಳ ರಾಣಿ ಮಿರ್ಥಾ ಬರುವ ಜಾಗವನ್ನು ಗಮನಿಸಬೇಕು ಅಂತ ಎಲ್ಲೋ ಓದಿಕೊಂಡು ಹೋಗಿದ್ದೆ. ಬೆರಳ ತುದಿಯ ಮೇಲೆ ನಿಂತು, ಎಷ್ಟು ಸಣ್ಣ ಸಣ್ಣ ಹೆಜ್ಜೆ ಅಂದರೆ, ಉದ್ದ ಲಂಗದ ಕೆಳಗೆ ಕಾಲು ಆಡುತ್ತಿರುವುದೇ ಕಾಣಲಿಲ್ಲ. ಹೆಗಲು ಅಲುಗಲಿಲ್ಲ. ನೀರಿನ ಮೇಲೆ ಬಿಟ್ಟ ದೀಪದ ದೊನ್ನೆ ಸರಿದ ಹಾಗೆ ಈ ಕಡೆಯಿಂದ ಆ ಕಡೆಗೆ ಹೋಗಿಬಿಟ್ಟಳು. ಸ್ವಲ್ಪ ಹೊತ್ತಿಗೆ ಎರಡು ಸಾಲು ಹುಡುಗಿಯರು ಒಂದು ಕಾಲು ಹಿಂದೆ ಚಾಚಿ, ಇನ್ನೊಂದರಲ್ಲಿ ಕುಪ್ಪಳಿಸುತ್ತಾ ಎದುರುಬದುರು ಬಂದು ಒಬ್ಬರ ನಡುವೆ ಒಬ್ಬರು ಹಾದುಹೋದರು. ನಾನು ನಿಂತ ಜಾಗಕ್ಕೆ ಅವರ ಶೂಗಳ ಸದ್ದು ದಬದಬ ಕೇಳುತ್ತಿತ್ತು. ಆತ್ಮಗಳಿಗೆ ಸದ್ದು ಇರಬಾರದಲ್ವಾ ಅನ್ನಿಸಿತು. ಮನೆಗೆ ಹೋಗಿ ಹುಡುಕಿದರೆ, ಅದೇ ಸದ್ದಿನ ಬಗ್ಗೆ ಗೊಣಗಿದ ವಿಮರ್ಶಕರು ಬೇಕಾದಷ್ಟು ಜನ ಸಿಕ್ಕರು. ಅವತ್ತು ನನಗೆ ಬಹಳ ಖುಷಿಯಾಯಿತು. ನನ್ನ ಕಿವಿಗೆ ಬಿದ್ದದ್ದು ಅವರ ಕಿವಿಗೂ ಬಿದ್ದಿತ್ತು.

ಮಗಳಿಗೆ ಹದಿನೇಳು. ಹನ್ನೊಂದು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಅವಳ ಕಾರ್ಯಕ್ರಮದ ವಿಮರ್ಶೆ ಒಂದು ಪತ್ರಿಕೆಯಲ್ಲಿ ಬಂತು. ಒಳ್ಳೆಯದೇ ಬರೆದಿದ್ದರು. ಕೊನೆಯಲ್ಲಿ ‘ಮೈ ಸ್ವಲ್ಪ ಇಳಿಸಿದರೆ ಇನ್ನೂ ಶೋಭೆ’ ಅಂತ ಇತ್ತು. ಅವಳು ಆ ಸಾಲು ಬಿಟ್ಟು ಬೇರೇನೂ ಓದಿಲ್ಲ. ವಿದೇಶದ ವಿಮರ್ಶಕರೂ ಹೀಗೆ ಬರೆಯುತ್ತಾರಾ?
— ಒಬ್ಬ ತಾಯಿ, ಮಂಗಳೂರು

ಬರೆಯುತ್ತಾರೆ, ಅಮ್ಮಾ. ಅದಕ್ಕೆ ದೊಡ್ಡ ಗಲಾಟೆಯೂ ಆಗಿದೆ.

2010ರ ನವೆಂಬರ್. ನ್ಯೂಯಾರ್ಕ್ ಸಿಟಿ ಬ್ಯಾಲೆಯವರು ಪ್ರತಿ ವರ್ಷದಂತೆ ಕ್ರಿಸ್‌ಮಸ್‌ಗೆ ಮುಂಚೆ ‘ನಟ್‌ಕ್ರ್ಯಾಕರ್’ ಆಡಿದರು. ಅದರಲ್ಲಿ ಶುಗರ್ ಪ್ಲಮ್ ಫೇರಿ ಅಂತ ಒಂದು ಪಾತ್ರ, ಸಿಹಿತಿಂಡಿಗಳ ರಾಜ್ಯದ ದೇವತೆ. ಜೆನಿಫರ್ ರಿಂಗರ್ ಆ ಪಾತ್ರ ಮಾಡಿದ್ದರು. ‘ನ್ಯೂಯಾರ್ಕ್ ಟೈಮ್ಸ್’ನ ಮುಖ್ಯ ನೃತ್ಯ ವಿಮರ್ಶಕ ಅಲಸ್ಟೇರ್ ಮೆಕಾಲೆ, ಆಕೆ ಒಂದು ಸಿಹಿ ಜಾಸ್ತಿಯೇ ತಿಂದ ಹಾಗೆ ಕಾಣುತ್ತಿದ್ದಳು ಎಂಬ ಅರ್ಥದ ಮಾತು ಬರೆದರು. ಜೊತೆಗೆ ಕುಣಿದ ಜೇರೆಡ್ ಆಂಗಲ್ ಬಗ್ಗೆಯೂ ಅಂಥದೇ ಸಾಲು ಇತ್ತು. ಓದುಗರು ಸಿಟ್ಟಿಗೆದ್ದರು. ರಿಂಗರ್ ಅದಕ್ಕೂ ಹಿಂದೆ ಊಟಕ್ಕೆ ಸಂಬಂಧಿಸಿದ ಮನಸ್ಸಿನ ಕಾಯಿಲೆಯಿಂದ (ಈಟಿಂಗ್ ಡಿಸಾರ್ಡರ್) ನರಳಿ, ಕಂಪನಿ ಬಿಟ್ಟು, ವಾಸಿಯಾಗಿ ಮತ್ತೆ ವೇದಿಕೆಗೆ ಬಂದವರು. ಅದನ್ನು ಅವರು ಮುಚ್ಚಿಟ್ಟಿರಲಿಲ್ಲ. ಮೆಕಾಲೆ ಇನ್ನೊಂದು ಲೇಖನ ಬರೆದು ತಮ್ಮ ಮಾತು ಸಮರ್ಥಿಸಿಕೊಂಡರು. ಬ್ಯಾಲೆಯಲ್ಲಿ ದೇಹವೇ ವಾದ್ಯ, ರೂಪದ ಬಗ್ಗೆ ಯಾರೂ ಮಾತಾಡಬಾರದು ಅನ್ನುವವರು ಬ್ಯಾಲೆ ಆರಿಸಿಕೊಳ್ಳಬಾರದು ಅನ್ನುವುದು ಅವರ ವಾದ. ಗಂಡಸಿನ ಬಗ್ಗೆ ಬರೆದದ್ದಕ್ಕೆ ಯಾಕೆ ಯಾರೂ ಮರುಗಲಿಲ್ಲ ಅಂತಲೂ ಕೇಳಿದರು.

ಆ ವಾದವನ್ನು ನಾನು ಎಷ್ಟೋ ಸಲ ತಿರುವಿ ನೋಡಿದ್ದೇನೆ. ಅರ್ಧ ಒಪ್ಪುತ್ತೇನೆ. ನೃತ್ಯ ಮಾಡುವವರ ದೇಹವನ್ನು ನೋಡದೆ ನೃತ್ಯ ನೋಡೋದು ಆಗದ ಮಾತು. ಆದರೆ ದೇಹ ಏನು ಮಾಡಿತು ಅನ್ನೋದು ಬೇರೆ, ದೇಹ ಎಷ್ಟಿದೆ ಅನ್ನೋದು ಬೇರೆ. ‘ಅರಮಂಡಿ ಎರಡನೇ ಜತಿಯ ಹೊತ್ತಿಗೆ ಮೇಲೇಳುತ್ತಿತ್ತು’ ಅಂತ ಬರೆಯಿರಿ, ಅಂದರೆ ಅರ್ಧ ಕೂತ ನಿಲುವಿನಲ್ಲಿ ಬಗ್ಗಿರಬೇಕಾದ ಮಂಡಿ ಬೇಗ ನೆಟ್ಟಗಾಗುತ್ತಿತ್ತು ಅಂತ. ಅದು ನೃತ್ಯದ ಮಾತು. ಹುಡುಗಿ ಅದನ್ನು ಓದಿ ನಾಳೆ ಅಭ್ಯಾಸದಲ್ಲಿ ಮಂಡಿ ಬಗ್ಗಿಸಬಹುದು. ‘ಮೈ ಇಳಿಸಲಿ’ ಅಂದರೆ ಅವಳು ಏನು ಮಾಡಬೇಕು? ಊಟ ಬಿಡಬೇಕು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳೋದಕ್ಕೆ ಕಾರಣ ಇದೆ. ನಾನು ಡೆಸ್ಕಿಗೆ ಸೇರಿದ ಮೊದಲ ವರ್ಷಗಳಲ್ಲಿ ಒಂದು ರಂಗಪ್ರವೇಶದ ವಿಮರ್ಶೆ ನನ್ನ ಮೇಜಿಗೆ ಬಂತು. ಕೊನೆಯಲ್ಲಿ ಹೆಚ್ಚುಕಡಿಮೆ ನಿಮ್ಮ ಮಗಳ ಬಗ್ಗೆ ಬರೆದಂಥದೇ ಸಾಲು. ನಾನು ಒತ್ತಕ್ಷರ ತಿದ್ದಿದೆ, ಹೆಡ್ಡಿಂಗ್ ಕೊಟ್ಟೆ, ಪುಟಕ್ಕೆ ಕಳಿಸಿದೆ. ಆ ಸಾಲು ಕಣ್ಣಿಗೆ ಚುಚ್ಚಲೇ ಇಲ್ಲ. ಎಂಟು ದಿನ ಬಿಟ್ಟು ಹುಡುಗಿಯ ತಾಯಿ ಆಫೀಸಿಗೆ ಬಂದರು. ಜಗಳ ಆಡಲಿಲ್ಲ. ಪರ್ಸಿನಿಂದ ಆ ಕಟಿಂಗ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಮಡಚಿ ಮಡಚಿ ನಾಲ್ಕು ತುಂಡಾಗುವಂತಿತ್ತು. ‘ಗೆಜ್ಜೆ ಬಿಚ್ಚಿಟ್ಟಿದ್ದಾಳೆ. ರಾತ್ರಿ ಊಟಕ್ಕೆ ಬರುತ್ತಿಲ್ಲ. ಇದನ್ನು ಬರೆದವರು ಯಾರು ಅಂತ ಕೇಳಲು ಬಂದಿಲ್ಲ. ಓದಿದವರು ಯಾರು ಅಂತ ನೋಡಲು ಬಂದೆ’ ಅಂದರು. ಓದಿದವಳು ನಾನು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರಿಗೆ ನೀರು ಕೊಟ್ಟೆ. ಕುಡಿದು ಹೋದರು. ಅವತ್ತಿನಿಂದ ನಿವೃತ್ತಿಯವರೆಗೆ, ಹೆಜ್ಜೆಗೆ ಸಂಬಂಧ ಇಲ್ಲದ ಮೈಯ ಮಾತು ಒಂದನ್ನೂ ನಾನು ಪುಟಕ್ಕೆ ಹೋಗಲು ಬಿಟ್ಟಿಲ್ಲ. ಬರೆದವರು ಎಷ್ಟೇ ದೊಡ್ಡವರಾಗಲಿ, ಫೋನ್ ಮಾಡಿ, ‘ಸರ್, ಇದರಿಂದ ಯಾವ ಹೆಜ್ಜೆ ಕೆಟ್ಟಿತು, ಅದನ್ನು ಬರೆಯಿರಿ’ ಅನ್ನುತ್ತಿದ್ದೆ. ಮುಕ್ಕಾಲು ಪಾಲು ಜನ ಆ ಸಾಲನ್ನೇ ತೆಗೆದುಬಿಡುತ್ತಿದ್ದರು.

ನಿಮ್ಮ ಮಗಳಿಗೆ ಜೆನಿಫರ್ ರಿಂಗರ್ ವಿಷಯ ಹೇಳಿ. ಟೀವಿಯಲ್ಲಿ ಕೇಳಿದಾಗ ಆಕೆ, ಮೆಕಾಲೆ ಕ್ಷಮೆ ಕೇಳಲಿ ಅನ್ನಲಿಲ್ಲ. ಆ ರಾತ್ರಿ ನೋಡಿದ ಎರಡು ಸಾವಿರ ಜನರಲ್ಲಿ ಇದು ಒಬ್ಬರ ಅಭಿಪ್ರಾಯ ಅಂತ ತನಗೆ ತಾನೇ ಹೇಳಿಕೊಂಡೆ ಅಂದರು. ಆಮೇಲೂ ಕುಣಿದರು, 2014ರವರೆಗೆ. ನೀವು ಪತ್ರಿಕೆಗೆ ನಾಲ್ಕು ಸಾಲಿನ ಪತ್ರ ಬರೆಯಿರಿ. ಕೋಪ ಬೇಡ. ಯಾವ ಜತಿಯಲ್ಲಿ, ಯಾವ ಅಡವಿನಲ್ಲಿ ಕೊರತೆ ಕಂಡಿತು ಅಂತ ಕೇಳಿ. ಡೆಸ್ಕಿನಲ್ಲಿ ಯಾರಾದರೂ ಓದುತ್ತಾರೆ. ಮಗಳಿಗೆ ಬಿಸಿ ಊಟ ಹಾಕಿ.

ಕಂಟೆಂಪರರಿ ಡ್ಯಾನ್ಸ್ ಅಂತ ಹೋದೆ. ಇಬ್ಬರು ಇಪ್ಪತ್ತು ನಿಮಿಷ ಗೋಡೆಗೆ ಒರಗಿ ನಿಂತಿದ್ದರು. ಮಾರನೇ ದಿನ ಪತ್ರಿಕೆಯಲ್ಲಿ ‘ಚಲನೆಯ ಮೂಲವನ್ನೇ ಪ್ರಶ್ನಿಸುವ ಪ್ರಯೋಗ’ ಅಂತ ಬಂತು. ವಿಮರ್ಶಕರಿಗೆ ನಿಜವಾಗಿ ಅರ್ಥ ಆಗುತ್ತಾ?
— ಬ್ಯಾಂಕ್ ನೌಕರ, ಶಿವಮೊಗ್ಗ

ಕೆಲವು ಸಲ ಆಗುತ್ತದೆ. ಆಗದಿದ್ದಾಗ ಪ್ರಾಮಾಣಿಕವಾಗಿ ಹೇಳಿದವರೂ ಇದ್ದಾರೆ. 1957ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಪಾಲ್ ಟೇಲರ್ ಎಂಬ ಯುವಕ ಏಳು ಹೊಸ ನೃತ್ಯಗಳ ಕಾರ್ಯಕ್ರಮ ಕೊಟ್ಟ. ಒಂದರಲ್ಲಿ ಅವನು ನಿಂತಿದ್ದ, ಜೊತೆಗಾತಿ ಕೂತಿದ್ದಳು. ಇಬ್ಬರೂ ಅಲುಗಲೇ ಇಲ್ಲ. ಇನ್ನೊಂದಕ್ಕೆ ಸಂಗೀತದ ಬದಲು, ಫೋನಿನಲ್ಲಿ ಗಂಟೆ ಎಷ್ಟು ಅಂತ ಹೇಳುವ ಹೆಂಗಸಿನ ಧ್ವನಿ. ಜನ ಎದ್ದು ಹೋದರು. ‘ಡ್ಯಾನ್ಸ್ ಅಬ್ಸರ್ವರ್’ ಎಂಬ ನೃತ್ಯ ಪತ್ರಿಕೆಯಲ್ಲಿ ಲೂಯಿಸ್ ಹಾರ್ಸ್ಟ್ ವಿಮರ್ಶೆ ಬರೆದರು. ಬರೆದರು ಅಂದರೆ, ಕಾರ್ಯಕ್ರಮದ ಹೆಸರು, ದಿನ, ಜಾಗ ಹಾಕಿ, ಕೆಳಗೆ ಖಾಲಿ ಬಿಟ್ಟರು. ಕೊನೆಗೆ ತಮ್ಮ ಹೆಸರಿನ ಎರಡು ಅಕ್ಷರ. ಅಷ್ಟೇ. ಅಲುಗದ ನೃತ್ಯಕ್ಕೆ ಅಕ್ಷರ ಇಲ್ಲದ ವಿಮರ್ಶೆ.

ಹಾರ್ಸ್ಟ್ ಸುಮ್ನೆ ದ್ವೇಷ ಸಾಧಿಸುವ ಮನುಷ್ಯರಲ್ಲ. ಅಮೆರಿಕದ ಆಧುನಿಕ ನೃತ್ಯದ ದೊಡ್ಡ ಹೆಸರು ಮಾರ್ಥಾ ಗ್ರಹಾಂ ಅವರಿಗೆ ಎಷ್ಟೋ ವರ್ಷ ಸಂಗೀತ ಮಾಡಿಕೊಟ್ಟವರು, ನೃತ್ಯ ಸಂಯೋಜನೆ ಕಲಿಸಿದ ಗುರು. ಆ ಖಾಲಿ ಜಾಗ ಟೇಲರ್‌ಗೆ ನಾಟಿರಬೇಕು. ಐದು ವರ್ಷ ಬಿಟ್ಟು 1962ರಲ್ಲಿ ಅವನು ‘ಆರಿಯೋಲ್’ ಮಾಡಿದ. ಹ್ಯಾಂಡಲ್‌ನ ಸಂಗೀತ, ಬಿಳಿ ಬಟ್ಟೆ, ವೇದಿಕೆ ತುಂಬ ಓಟ, ಜಿಗಿತ. ಇವತ್ತಿಗೂ ಅದನ್ನು ಕುಣಿಯುತ್ತಾರೆ. ನನಗೆ ಇದರಲ್ಲಿ ಹಿಡಿಸೋದು ಏನೆಂದರೆ, ಅಲುಗದೆ ನಿಂತು ನೋಡಿದವನಿಗೇ ಆ ಓಟ ಸಿಕ್ಕಿತು. ಹಾರ್ಸ್ಟ್ ನ್ಯಾಯವಾಗಿಯೇ ಬರೆದರು, ಟೇಲರ್ ನ್ಯಾಯವಾಗಿಯೇ ನಿಂತ. ಎರಡೂ ನಿಜ.

ಸಿಟ್ಟಿನ ವಿಮರ್ಶೆ ಬೇರೆ ಥರದ್ದೂ ಇದೆ. 1912ರಲ್ಲಿ ರಷ್ಯದ ಬ್ಯಾಲೆ ನರ್ತಕ ನಿಜಿನ್‌ಸ್ಕಿ ಪ್ಯಾರಿಸ್‌ನಲ್ಲಿ ಫಾನ್ ಎಂಬ ಅರೆಮೃಗದ ಪಾತ್ರ ಮಾಡಿದಾಗ, ‘ಲ ಫಿಗಾರೊ’ ಪತ್ರಿಕೆಯ ಮುಖ್ಯಸ್ಥ ಕಾಲ್ಮೆಟ್ ತಾನೇ ಮುಖಪುಟದಲ್ಲಿ ಬರೆದು, ಇದು ಅಸಭ್ಯ ಅಂತ ಬೈದ. ‘ಲ ಮಾತ್ಯಾಂ’ ಎಂಬ ಇನ್ನೊಂದು ಪತ್ರಿಕೆಯಲ್ಲಿ ಶಿಲ್ಪಿ ರೊದ್ಯಾಂ ಹೆಸರಿನಲ್ಲಿ ನಿಜಿನ್‌ಸ್ಕಿಯನ್ನು ಹೊಗಳಿದ ಲೇಖನ ಬಂತು. ಊರೇ ಎರಡು ಪಾಲಾಯಿತು.

ನಿಮ್ಮ ಪತ್ರಿಕೆಯ ಆ ಸಾಲಿನ ಬಗ್ಗೆ ಹೇಳಬೇಕೆಂದರೆ, ಅದು ವಿಮರ್ಶೆ ಅಲ್ಲ. ಕಾರ್ಯಕ್ರಮದ ಕೈಪಿಡಿಯಲ್ಲಿ ಇದ್ದ ಮಾತು ಇರಬಹುದು. ಅಂಥ ಸಾಲುಗಳನ್ನು ಡೆಸ್ಕಿನಲ್ಲಿ ದಿನಾ ನೋಡಿದ್ದೇನೆ. ಇಬ್ಬರೂ ಗೋಡೆಗೆ ಹೇಗೆ ಒರಗಿದ್ದರು, ಬೆನ್ನು ಪೂರ್ತಿ ತಾಗಿತ್ತಾ, ಯಾರ ಮಂಡಿ ಮೊದಲು ನಡುಗಿತು, ಇಪ್ಪತ್ತು ನಿಮಿಷ ಆದ ಮೇಲೆ ಸಭೆಯಲ್ಲಿ ಏನಾಯಿತು, ಇಷ್ಟು ಬರೆದಿದ್ದರೆ ನಿಮಗೆ ಜಗಳ ಆಡಲಿಕ್ಕಾದರೂ ಏನಾದರೂ ಸಿಗುತ್ತಿತ್ತು.

ಒಂದು ಒಳ್ಳೆಯ ಉದಾಹರಣೆ ಕೊಡುತ್ತೇನೆ. 2016ರಲ್ಲಿ ಲಂಡನ್ನಿನ ನೃತ್ಯ ಸಂಯೋಜಕ ಅಕ್ರಂ ಖಾನ್ ಇಂಗ್ಲಿಷ್ ನ್ಯಾಷನಲ್ ಬ್ಯಾಲೆಗೆ ಹೊಸ ‘ಜಿಸೆಲ್’ ಮಾಡಿಕೊಟ್ಟರು. ಕಥಕ್ ಕಲಿತು ಬೆಳೆದವರು. ಹಳ್ಳಿಯ ಜಾಗದಲ್ಲಿ, ಮುಚ್ಚಿದ ಬಟ್ಟೆ ಕಾರ್ಖಾನೆಯಿಂದ ಹೊರಬಿದ್ದ ವಲಸೆ ಕೆಲಸಗಾರರು. ನಡುವೆ ಒಂದು ದೊಡ್ಡ ಗೋಡೆ. ನಾನು ಲಂಡನ್ನಿನ ರಂಗಮಂದಿರ ಸ್ಯಾಡ್ಲರ್ಸ್ ವೆಲ್ಸ್‌ನಲ್ಲಿ ನೋಡಿದೆ. ವಿಲಿಗಳ, ಅಂದರೆ ಸತ್ತ ಹುಡುಗಿಯರ ಆ ಆತ್ಮಗಳ, ಕೈಯಲ್ಲಿ ಉದ್ದ ಬೆತ್ತ. ಬೆತ್ತದಿಂದ ನೆಲ ಗುದ್ದುತ್ತಿದ್ದರೆ ಎದೆ ಝಲ್ ಅನ್ನುತ್ತಿತ್ತು. ಬೆರಳ ತುದಿಯ ನಡಿಗೆ ಅಲ್ಲಿಯೂ ಇತ್ತು, ಆದರೆ ಈಗ ಅದು ದೀಪದ ದೊನ್ನೆ ಅಲ್ಲ, ಮೊನೆ. ಅದೇ ಹೆಜ್ಜೆ, ಬೇರೆಯೇ ಅರ್ಥ. ಹಳೆಯದನ್ನು ನೋಡಿ ಗೊತ್ತಿದ್ದ ವಿಮರ್ಶಕರು ಈ ವ್ಯತ್ಯಾಸ ಹಿಡಿದು ಬರೆದಾಗ ಓದೋದೇ ಒಂದು ಸುಖ.

ನೋಡದೆಯೇ ವಿಮರ್ಶೆ ಬರೆದವರಿದ್ದಾರಾ?
— ಓದುಗರು, ಹಾಸನ

ಇದ್ದಾರೆ, ಅದೂ ಸಣ್ಣವರಲ್ಲ. ಆರ್ಲೀನ್ ಕ್ರೋಚಿ ‘ನ್ಯೂಯಾರ್ಕರ್’ ವಾರಪತ್ರಿಕೆಗೆ 1973ರಿಂದ ಬರೆಯುತ್ತಿದ್ದವರು. ಬ್ಯಾಲೆ ಬಗ್ಗೆ ಅವರಷ್ಟು ಚೂಪಾಗಿ ಬರೆದವರು ಕಡಿಮೆ. 1994ರಲ್ಲಿ ಬಿಲ್ ಟಿ. ಜೋನ್ಸ್ ‘ಸ್ಟಿಲ್/ಹಿಯರ್’ ಎಂಬ ನೃತ್ಯ ಮಾಡಿದರು. ಏಡ್ಸ್, ಕ್ಯಾನ್ಸರ್ ಥರದ ಕಾಯಿಲೆ ಇದ್ದವರ ಜೊತೆ ಕೂತು ನಡೆಸಿದ ಶಿಬಿರಗಳಿಂದ ಹುಟ್ಟಿದ ಕೆಲಸ. ಅವರ ಮಾತು, ಅವರ ಚಲನೆ ಅದರಲ್ಲಿತ್ತು. ಜೋನ್ಸ್ ಅವರ ಸಂಗಾತಿ ಆರ್ನಿ ಝೇನ್ 1988ರಲ್ಲಿ ಏಡ್ಸ್‌ನಿಂದ ತೀರಿಕೊಂಡಿದ್ದರು. ಕ್ರೋಚಿ, ನಾನು ಇದನ್ನು ನೋಡಿಲ್ಲ, ನೋಡುವುದೂ ಇಲ್ಲ ಎಂದು ಹೇಳಿಯೇ ಉದ್ದದ ಲೇಖನ ಬರೆದರು. ಸಾಯುತ್ತಿರುವವರನ್ನು ಮುಂದೆ ತಂದರೆ ವಿಮರ್ಶಕರು ಮರುಕ ಪಡಬಹುದೇ ಹೊರತು ವಿಮರ್ಶೆ ಮಾಡಲು ಜಾಗವೇ ಇರೋದಿಲ್ಲ ಅನ್ನುವುದು ಅವರ ಸಂಕಟ.

ಆ ಪ್ರಶ್ನೆ ಸುಳ್ಳಲ್ಲ. ಆದರೂ ಅವರು ಹೋಗಿ ನೋಡಬೇಕಿತ್ತು. ವೇದಿಕೆಯ ಮೇಲೆ ಕುಣಿದವರು ಕಂಪನಿಯ ನರ್ತಕರು. ಅವರು ಆರು ಹೆಜ್ಜೆ ಚೆನ್ನಾಗಿ ಇಟ್ಟರೋ ಇಲ್ಲವೋ ಅಂತ ಹೇಳುವ ಕಣ್ಣು ಕ್ರೋಚಿಯವರಿಗೇ ಇದ್ದದ್ದು. ಆ ಕಣ್ಣನ್ನು ಅವರು ಮನೆಯಲ್ಲಿ ಬಿಟ್ಟರು. ನನಗೆ ಇದು ಇವತ್ತಿಗೂ ಬೇಸರದ ವಿಷಯ.

ಕೆಟ್ಟದಾಗಿ ಬರೆಸಿಕೊಂಡವರು ಏನು ಮಾಡುತ್ತಾರೆ?
— ನೃತ್ಯ ಶಿಕ್ಷಕ, ಮೈಸೂರು

ಬಹಳ ಜನ ಸುಮ್ಮನಿರುತ್ತಾರೆ. ಒಬ್ಬರು ಸುಮ್ಮನಿರಲಿಲ್ಲ. ಜರ್ಮನಿಯ ಹ್ಯಾನೋವರ್ ಆಪೆರಾದ ಬ್ಯಾಲೆ ನಿರ್ದೇಶಕ ಮಾರ್ಕೊ ಗೋಕೆ. 2023ರ ಫೆಬ್ರುವರಿ 11ರಂದು, ಪ್ರದರ್ಶನದ ವಿರಾಮದಲ್ಲಿ, ಒಂದು ದೊಡ್ಡ ದಿನಪತ್ರಿಕೆಯ ವಿಮರ್ಶಕಿ ವೀಬ್ಕೆ ಹ್ಯೂಸ್ಟರ್ ಅವರನ್ನು ಅಡ್ಡಗಟ್ಟಿ, ಜಗಳ ಆಡಿ, ತಮ್ಮ ನಾಯಿಯ ಹೇಲನ್ನು ಅವರ ಮುಖಕ್ಕೆ ಬಳಿದರು. ಹೇಗ್ ನಗರದಲ್ಲಿ ನಡೆದ ಗೋಕೆಯವರ ಇನ್ನೊಂದು ಕೃತಿಯ ಬಗ್ಗೆ ಆಕೆ ಕಟುವಾಗಿ ಬರೆದಿದ್ದರು. ನೋಡುತ್ತಿದ್ದರೆ ಒಮ್ಮೆ ಹುಚ್ಚು ಹಿಡಿಯುತ್ತದೆ, ಒಮ್ಮೆ ಬೇಸರದಿಂದ ಸಾಯುವಂತಾಗುತ್ತದೆ ಅನ್ನುವ ಧಾಟಿ. ಅದೇ ವಾರದಲ್ಲಿ ಗೋಕೆ ಆ ಹುದ್ದೆ ಕಳೆದುಕೊಂಡರು.

ಆಗ ಕೆಲವರು, ವಿಮರ್ಶಕಿಯೂ ಅಷ್ಟು ಕಟು ಬರೆಯಬಾರದಿತ್ತು ಅಂದರು. ನಾನು ಒಪ್ಪೋದಿಲ್ಲ. ಬರಹಕ್ಕೆ ಬರಹದಲ್ಲಿ ಉತ್ತರ ಕೊಡಬಹುದು. ಹೆಣ್ಣುಮಗಳೊಬ್ಬಳು ತನ್ನ ಕೆಲಸಕ್ಕೆ ಬಂದ ಜಾಗದಲ್ಲಿ ಮುಖ ತೊಳೆದುಕೊಳ್ಳಲು ಓಡಬೇಕಾಯಿತು. ಅದರ ಪಕ್ಕದಲ್ಲಿ ‘ಆದರೆ’ ಅನ್ನುವ ಮಾತು ಇಡಲು ನನಗೆ ಬರೋದಿಲ್ಲ.

ಪತ್ರಿಕೆಗಳಿಗೆ ಈಗಲೂ ನೃತ್ಯ ವಿಮರ್ಶಕರು ಇದ್ದಾರಾ?
— ಓದುಗರು, ಬೆಳಗಾವಿ

ಕಡಿಮೆಯಾಗುತ್ತಿದ್ದಾರೆ. ‘ನ್ಯೂಯಾರ್ಕ್ ಟೈಮ್ಸ್’ ಜಾನ್ ಮಾರ್ಟಿನ್ ಅವರನ್ನು ನೃತ್ಯಕ್ಕೆಂದೇ ಇಟ್ಟುಕೊಂಡದ್ದು 1927ರಲ್ಲಿ. ಅದಕ್ಕೂ ಮುಂಚೆ ಅಲ್ಲಿ ಸಂಗೀತ ವಿಮರ್ಶಕರೇ ಹೋಗಿ ನೃತ್ಯದ ಬಗ್ಗೆಯೂ ಬರೆಯುತ್ತಿದ್ದರು. ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ 1967ರಿಂದ ಬರೆಯುತ್ತಿದ್ದ ಡೆಬೊರಾ ಜೋವಿಟ್ ಅವರನ್ನು 2008ರಲ್ಲಿ ಕೆಲಸದಿಂದ ತೆಗೆದರು. ನಲವತ್ತು ವರ್ಷ ನೋಡಿದ ಕಣ್ಣು ಅದು.

ನಮ್ಮ ಕಡೆಯವರ ಬಗ್ಗೆ ಅಲ್ಲಿನವರು ಬರೆದಿದ್ದಾರಾ, ಅಕ್ಕಾ?
— ಗೃಹಿಣಿ, ತುಮಕೂರು

ಬರೆದಿದ್ದಾರೆ. ರಾಮ್ ಗೋಪಾಲ್ ನಮ್ಮ ಬೆಂಗಳೂರಲ್ಲೇ ಹುಟ್ಟಿದವರು. 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ಥಿಯೇಟರಿನಲ್ಲಿ ಕುಣಿದು ಹೆಸರು ಮಾಡಿದರು. 1960ರಲ್ಲಿ ಹೆಸರಾಂತ ಬ್ಯಾಲೆ ನರ್ತಕಿ ಅಲಿಷಿಯಾ ಮಾರ್ಕೊವಾ ಜೊತೆ ರಾಧಾ-ಕೃಷ್ಣರಾಗಿ ಕುಣಿದರು.

ಈಚಿನದು ಅಂದರೆ ನೃತ್ಯಗ್ರಾಮ. 1990ರಲ್ಲಿ ಪ್ರೋತಿಮಾ ಬೇಡಿ ಹೆಸರಘಟ್ಟದ ಹತ್ತಿರ ಶುರು ಮಾಡಿದ ಒಡಿಸ್ಸಿಯ ಊರು. ಅಲ್ಲಿನ ಸುರೂಪಾ ಸೇನ್, ಬಿಜಯಿನಿ ಸತ್ಪತಿ ನ್ಯೂಯಾರ್ಕಿನಲ್ಲಿ ಕುಣಿದಾಗ ತುಂಬು ಮನಸ್ಸಿನಿಂದ ಬರೆದವರು ಯಾರು ಗೊತ್ತಾ? ಮೇಲೆ ಹೇಳಿದೆನಲ್ಲ, ಅದೇ ಅಲಸ್ಟೇರ್ ಮೆಕಾಲೆ. ಅವರ ಒಂದು ಸಾಲನ್ನು ನಾನು ಕ್ಷಮಿಸಿಲ್ಲ. ಹಾಗಂತ ಅವರ ಕಣ್ಣನ್ನು ಅಲ್ಲಗಳೆಯಲೂ ಆಗೋದಿಲ್ಲ. ತಮ್ಮದಲ್ಲದ ನೃತ್ಯವನ್ನು ಕಲಿಯುವ ಹುಡುಗನ ಹಾಗೆ ಮತ್ತೆ ಮತ್ತೆ ಹೋಗಿ ನೋಡಿದ ಮನುಷ್ಯ.

ನಾನು ನೃತ್ಯ ವಿಮರ್ಶೆ ಬರೆಯಬೇಕು ಅಂತಿದ್ದೇನೆ. ನೃತ್ಯ ಕಲಿತಿಲ್ಲ. ಆಗುತ್ತಾ? ಎಲ್ಲಿಂದ ಶುರು ಮಾಡಲಿ?
— ಪತ್ರಿಕೋದ್ಯಮ ವಿದ್ಯಾರ್ಥಿ, ಬೆಂಗಳೂರು

ಆಗುತ್ತೆ. ಆದರೆ ಪಕ್ಕದಲ್ಲಿ ಕಲಿತವರೊಬ್ಬರು ಇರಲಿ. ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಯಲ್ಲಿ 1955ರಿಂದ ಅಲೆಕ್ಸಾಂಡರ್ ಬ್ಲಾಂಡ್ ಎಂಬ ಹೆಸರಿನಲ್ಲಿ ವಿಮರ್ಶೆ ಬರುತ್ತಿತ್ತು. ಆ ಹೆಸರಿನ ಮನುಷ್ಯನೇ ಇರಲಿಲ್ಲ. ಅದು ಗಂಡ ಹೆಂಡತಿ ಇಬ್ಬರು ಸೇರಿ ಇಟ್ಟುಕೊಂಡ ಹೆಸರು. ಗಂಡ ನೈಜೆಲ್ ಗಾಸ್ಲಿಂಗ್ ಪತ್ರಕರ್ತ. ಹೆಂಡತಿ ಮಾಡ್ ಲಾಯ್ಡ್ ಮೊದಲು ಬ್ಯಾಲೆ ನರ್ತಕಿ. ಒಬ್ಬರ ಕೈ, ಇನ್ನೊಬ್ಬರ ಕಾಲು.

ಓದಲೇಬೇಕಾದವರು ಎಡ್ವಿನ್ ಡೆನ್‌ಬಿ. ಕವಿ, ಸ್ವತಃ ಕುಣಿದವರು. ‘ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್’ನ ಖಾಯಂ ವಿಮರ್ಶಕ ಯುದ್ಧಕ್ಕೆ ಹೋದಾಗ, 1942ರಿಂದ 1945ರವರೆಗೆ ಆ ಕುರ್ಚಿಯಲ್ಲಿ ಕೂತು ಬರೆದರು. ಮೂರೇ ವರ್ಷ. ಇವತ್ತಿಗೂ ಜನ ಅದನ್ನು ಓದುತ್ತಾರೆ. ನೃತ್ಯ ನೋಡೋದಕ್ಕೆ ಮುಂಚೆ ಬೀದಿಯಲ್ಲಿ ನಡೆಯುವವರನ್ನು ನೋಡಿ ಅನ್ನುವುದು ಅವರ ಪಾಠ. ನೀನೂ ಮಾಡಿ ನೋಡಪ್ಪ. ಮೆಜೆಸ್ಟಿಕ್‌ನಲ್ಲಿ ಅರ್ಧ ಗಂಟೆ ನಿಂತುಕೋ. ಬಸ್ ಹತ್ತುವಾಗ ಹೆಂಗಸು ಸೆರಗನ್ನು ಯಾವ ಕೈಯಿಂದ ಹಿಡಿಯುತ್ತಾಳೆ, ಮೂಟೆ ಹೊತ್ತವನ ತೂಕ ಯಾವ ಕಾಲಿಗೆ ಬೀಳುತ್ತದೆ, ಬರೆದುಕೋ. ವಿಶೇಷಣ ಒಂದೂ ಬೇಡ.

ಆಮೇಲೆ ಕತ್ತಲೆಯಲ್ಲಿ ಬರೆಯೋದನ್ನು ಕಲಿ. ಸಭಾಂಗಣದಲ್ಲಿ ಬೆಳಕು ಇರೋದಿಲ್ಲ, ಫೋನ್ ತೆಗೆಯಬಾರದು. ಪುಸ್ತಕ ನೋಡಿ ಬರೆಯಲು ಹೋದರೆ ಒಂದು ಜಿಗಿತ ತಪ್ಪಿಹೋಗುತ್ತದೆ. ನಮ್ಮ ಪತ್ರಿಕೆಗೆ ಬರೆಯುತ್ತಿದ್ದ ಹಿರಿಯರೊಬ್ಬರು ತೋರಿಸಿಕೊಟ್ಟದ್ದು ಹೇಳುತ್ತೇನೆ. ಸಣ್ಣ ನೋಟ್‌ಬುಕ್, ದಪ್ಪ ಪೆನ್ಸಿಲ್. ಎಡಗೈ ಹೆಬ್ಬೆರಳನ್ನು ಸಾಲಿನ ಶುರುವಿನಲ್ಲಿ ಒತ್ತಿ ಇಟ್ಟುಕೊಳ್ಳಬೇಕು. ಒಂದು ಸಾಲು ಬರೆದ ಮೇಲೆ ಹೆಬ್ಬೆರಳನ್ನು ಒಂದು ಬೆರಳಗಲ ಕೆಳಗೆ ಸರಿಸಬೇಕು. ಆಗ ಸಾಲಿನ ಮೇಲೆ ಸಾಲು ಬೀಳೋದಿಲ್ಲ. ಒಂದು ಪುಟಕ್ಕೆ ಐದೇ ಸಾಲು. ಆ ರಾತ್ರಿಯೇ ಮನೆಯಲ್ಲಿ ಕೂತು ಬಿಡಿಸಿ ಬರೆ. ಬೆಳಿಗ್ಗೆಗೆ ಬಿಟ್ಟರೆ ನಿನ್ನ ಅಕ್ಷರ ನಿನಗೇ ಗುರುತು ಸಿಗೋದಿಲ್ಲ.

ಇನ್ನೊಂದು ಮಾತು. ನೀನು ಯಾರ ಬಗ್ಗೆ ಬರೆಯುತ್ತೀಯೋ ಅವರ ಸ್ನೇಹಿತನಾಗಿದ್ದರೆ ಅದನ್ನು ಸಂಪಾದಕರಿಗೆ ಹೇಳಿಬಿಡು. 1841ರ ಆ ‘ಜಿಸೆಲ್’ ಕಥೆ ಬರೆದವರಲ್ಲಿ ಒಬ್ಬ ತಿಯೋಫಿಲ್ ಗೊತಿಯೆ. ‘ಲ ಪ್ರೆಸ್’ ಪತ್ರಿಕೆಯಲ್ಲಿ ಅದರ ವಿಮರ್ಶೆ ಬರೆದದ್ದೂ ಅವನೇ. ಬಹಳ ಚೆಂದ ಬರೆದ, ನಿಜ. ಆದರೆ ನಿನ್ನ ಓದುಗನಿಗೆ ಅದು ಗೊತ್ತಿರಬೇಕು.

ಮುಂದಿನ ತಿಂಗಳು ಮಗನನ್ನು ನೋಡಲು ಲಂಡನ್ನಿಗೆ ಹೋಗುತ್ತಿದ್ದೇವೆ. ಒಂದು ಬ್ಯಾಲೆ ನೋಡುವ ಆಸೆ. ವಿಮರ್ಶಕರು ಕೂರುವ ಕಡೆ ಟಿಕೆಟ್ ತಗೊಳ್ಳಬೇಕಾ?
— ನಿವೃತ್ತ ದಂಪತಿ, ದಾವಣಗೆರೆ

ಬೇಡ. ವಿಮರ್ಶಕರಿಗೆ ಸಾಮಾನ್ಯವಾಗಿ ಕೆಳಗಿನ ಒಳ್ಳೆಯ ಸೀಟು ಕೊಡುತ್ತಾರೆ. ಮುಖ ಕಾಣುತ್ತದೆ, ಬೆವರು ಕಾಣುತ್ತದೆ. ದುಡ್ಡೂ ಜಾಸ್ತಿ. ನೀವು ಮೇಲೆ ಹೋಗಿ. ಅದರಲ್ಲೂ ‘ಲ ಬಯಾದೇರ್’ ಇದ್ದರೆ ಮೇಲೇ ಕೂರಬೇಕು. 1877ರ ರಷ್ಯನ್ ಬ್ಯಾಲೆ, ಕಥೆ ನಮ್ಮ ದೇವಸ್ಥಾನದ ನರ್ತಕಿಯದು. ನಮ್ಮ ದೇಶ ಅದರಲ್ಲಿ ಇದೆ ಅಂದುಕೊಂಡು ಹೋಗಬೇಡಿ, ಇಲ್ಲ. ಆದರೆ ಅದರಲ್ಲಿ ನೆರಳುಗಳ ದೃಶ್ಯ ಅಂತ ಒಂದು ಬರುತ್ತದೆ. ಹಿಂದಿನ ಇಳಿಜಾರಿನಿಂದ ಬಿಳಿ ಬಟ್ಟೆಯ ಹುಡುಗಿಯರು ಒಬ್ಬೊಬ್ಬರಾಗಿ ಇಳಿಯುತ್ತಾರೆ. ಒಂದು ಕಾಲು ಹಿಂದೆ ಎತ್ತಿ ಮುಂದಕ್ಕೆ ಬಾಗೋದು, ಎದ್ದು ಎರಡು ಹೆಜ್ಜೆ, ಮತ್ತೆ ಬಾಗೋದು. ಮೊದಲನೆಯವಳು ಅದನ್ನೇ ಮಾಡುತ್ತಾ ಮಾಡುತ್ತಾ ಕೆಳಗೆ ಬರುವ ಹೊತ್ತಿಗೆ ಹಿಂದೆ ಇನ್ನೂ ಬರುತ್ತಲೇ ಇರುತ್ತಾರೆ. ಕೆಳಗೆ ಕೂತರೆ ಮುಂದಿನ ನಾಲ್ಕು ಹುಡುಗಿಯರು ಕಾಣುತ್ತಾರೆ. ಮೇಲಿನಿಂದ ಇಪ್ಪತ್ತನಾಲ್ಕೂ ಜನ ಸಾಲು ಕಟ್ಟುವುದು ಕಾಣುತ್ತದೆ. ಕನ್ನಡಕ ಮರೆಯಬೇಡಿ. ಮೆಟ್ಟಿಲು ಬಹಳ ಇವೆ, ಲಿಫ್ಟ್ ಎಲ್ಲಿದೆ ಅಂತ ಮೊದಲೇ ಕೇಳಿಕೊಳ್ಳಿ.